ನಾನು ಕೊಡಿಸಿದ ಪ್ರಶಸ್ತಿ

ಸೆಪ್ಟೆಂಬರ್ ಬಂತೆಂದರೆ ಪೇಪರಿನಲ್ಲಿ ಪ್ರಶಸ್ತಿ ಬಂದ ಮೇಷ್ಟ್ರುಗಳ ಫೋಟೋ ಹಾಕುತ್ತಾರೆ. ಗಣಿತಕ್ಕೆ ಇಂಥವರು, ವಿಜ್ಞಾನಕ್ಕೆ ಇಂಥವರು. ಹಾರ, ಶಾಲು, ಮುಖದ ತುಂಬ ನಗು. ನಾನು ಆ ಪುಟ ಮಗುಚಿ ಅಕ್ಕಿಯ ಧಾರಣೆ ಓದುತ್ತೇನೆ. ಪ್ರಶಸ್ತಿ ಸಿಗದವಳ ಹೊಟ್ಟೆಕಿಚ್ಚು ಎಂದು ಜೊತೆಯವರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ನಾನು ಪ್ರಶಸ್ತಿ ಪಡೆದವಳಲ್ಲ, ಒಬ್ಬರಿಗೆ ಕೊಡಿಸಿದವಳು. ಹೇಗೆ ಕೊಡಿಸಿದೆ ಎಂಬುದು ಇಲ್ಲಿಯತನಕ ಇಬ್ಬರಿಗೆ ಮಾತ್ರ ಗೊತ್ತಾಗಿದೆ. ಒಬ್ಬರು ತೀರಿಕೊಂಡರು. ಇನ್ನೊಬ್ಬಳಿಗೆ ಹೇಳಬಾರದಿತ್ತು.

ಅರವತ್ತರ ದಶಕದ ನಡುವಿನ ಮಾತು. ಕಂಪಲಾಪುರದಲ್ಲಿ ಬಸ್ಸಿಳಿದು ಕಾಡಿನ ದಿಕ್ಕಿಗೆ ಮೂರು ಮೈಲಿ ನಡೆದರೆ ಒಂದು ಊರು ಸಿಗುತ್ತಿತ್ತು. ಅಲ್ಲಿನ ಹೈಸ್ಕೂಲಿಗೆ ನನ್ನನ್ನು ಸೈನ್ಸ್ ಟೀಚರಾಗಿ ಹಾಕಿದರು. ನಾನು ಸಾಲಿಗ್ರಾಮದ ದಿನಸಿ ಅಂಗಡಿಯವರ ಮಗಳು. ಮೈಸೂರಿನಲ್ಲಿ ಓದು ಮುಗಿಸಿ, ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಬಂದಿದ್ದೆ. ಅಲ್ಲಿ ನೋಡಿದರೆ ಲ್ಯಾಬೊರೇಟರಿ ಎಂಬುದು ಒಂದು ಮರದ ಬೀರು. ಅದರೊಳಗೆ ಆರು ಟೆಸ್ಟ್ ಟ್ಯೂಬು, ಬತ್ತಿಯಿಲ್ಲದ ಸ್ಪಿರಿಟ್ ದೀಪ, ಯಾವ ಕಾಲದ್ದೋ ಕಪ್ಪೆಯೊಂದನ್ನು ಹಾಕಿಟ್ಟ ಜಾಡಿ. ಮೊದಲ ದಿನವೇ ಹೆಡ್‌ಮಾಸ್ಟರ ಜೊತೆ ಜಗಳ ಆಡಿ, ರಾಜೀನಾಮೆ ಬರೆಯಲು ಕಾಗದ ಹುಡುಕುತ್ತಾ ಕೂತಿದ್ದೆ.

ಆಗ ಲೆಕ್ಕದ ಮೇಷ್ಟ್ರು ಬಂದು, "ರಾಜೀನಾಮೆ ಕೊಡೋದಾದ್ರೆ ಉಂಡು ಕೊಡು ಕಣಮ್ಮ, ಖಾಲಿ ಹೊಟ್ಟೇಲಿ ಕೊಟ್ಟಿದ್ದು ನಿಲ್ಲಾಕಿಲ್ಲ" ಎಂದು ಮನೆಗೆ ಕರೆದುಕೊಂಡು ಹೋದರು. ಮುದ್ದೆ, ಅವರೆಕಾಳು ಸಾರು. ಅವರ ಮನೆಯವರು ಕೈಗೆ ನೀರು ಹಾಕುತ್ತಾ ನನ್ನ ಊರು, ಕುಲ, ಅಕ್ಕತಂಗಿಯರ ಲೆಕ್ಕ ಎಲ್ಲ ಕೇಳಿ ತಿಳಿದುಕೊಂಡರು. ಮಕ್ಕಳಿಲ್ಲದ ಮನೆ ಅದು. ಆವತ್ತಿನಿಂದ ಮಧ್ಯಾಹ್ನದ ಊಟ ಅಲ್ಲೇ ಆಯಿತು. ರಾಜೀನಾಮೆ ಹಾಗೇ ಉಳಿಯಿತು.

ಮೇಷ್ಟ್ರು ಭೇರ್ಯದ ಕಡೆಯ ರೈತಾಪಿ ಮನೆಯವರು. ನಾನು ಹೋದಾಗ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಗದ್ದೆ ಕೆಲಸಕ್ಕೆ ಹೊರಟವರಂತೆ ಬೆಳಿಗ್ಗೆ ಏಳಕ್ಕೇ ಸ್ಕೂಲಿಗೆ ಬರುವರು. ಕ್ಷೇತ್ರಫಲ ಕಲಿಸಬೇಕಾದರೆ ಹುಡುಗರ ಕೈಗೆ ಹಗ್ಗ ಕೊಟ್ಟು ಊರ ಕೆರೆಯ ಏರಿಗೆ ಕರೆದುಕೊಂಡು ಹೋಗುವರು. ಘನಫಲ ಬಂದರೆ ಯಾರದೋ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಳಗೆ ಮಕ್ಕಳನ್ನು ನಿಲ್ಲಿಸಿ, "ಇದ್ರಲ್ಲಿ ಎಷ್ಟು ಗಾಳಿ ಅದೆ ಯೋಳ್ರಲಾ" ಎನ್ನುವರು. ಅವರು ತಿದ್ದಿದ ಪುಸ್ತಕದಲ್ಲಿ ಕೆಂಪು ಕತ್ತರಿ ಗುರುತು ಎಂಬುದು ಇರುತ್ತಿರಲಿಲ್ಲ. ಲೆಕ್ಕ ಎಲ್ಲಿ ದಾರಿ ತಪ್ಪಿತೋ ಅಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಇಲ್ಲಿಯವರೆಗೆ ಸರಿ' ಎಂದು ಬರೆದು, ಅಷ್ಟಕ್ಕೆ ಎಷ್ಟು ಸಲ್ಲಬೇಕೋ ಅಷ್ಟು ಅಂಕ ಕೊಡುತ್ತಿದ್ದರು. ಒಂದೇ ಸಾಲು ಸರಿಯಿದ್ದವನಿಗೂ ಆ ಗೆರೆ ಸಿಗುತ್ತಿತ್ತು. ಮೈಸೂರಿನ ದೊಡ್ಡ ದೊಡ್ಡ ಪ್ರೊಫೆಸರುಗಳ ಪಾಠ ಕೇಳಿ ಬಂದಿದ್ದ ನಾನು, ಪಾಠ ಮಾಡುವುದು ಅಂದರೇನು ಎಂಬುದನ್ನು ಕಲಿತದ್ದು ಈ ಮೇಷ್ಟ್ರ ಕ್ಲಾಸಿನ ಕಿಟಕಿಯಾಚೆ ನಿಂತು.

ಇಂಥವರಿಗೆ ಪ್ರಶಸ್ತಿ ಬಂದಿರಲಿಲ್ಲ. ಏಕೆ ಎಂಬುದನ್ನು ಹೇಳಬೇಕು. ಗಣಿತ, ವಿಜ್ಞಾನದ ಒಳ್ಳೆಯ ಮೇಷ್ಟ್ರುಗಳನ್ನು ಹುಡುಕಿ ಸನ್ಮಾನಿಸುವ ಸುತ್ತೋಲೆ ವರ್ಷ ವರ್ಷ ಬರುತ್ತಿತ್ತು. ಮೂರು ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ ಬರೆದು ಕಳಿಸಬೇಕು. ನೂರಕ್ಕೆ ಎಷ್ಟು ಪಾಸು, ಅದೊಂದೇ ಅವರಿಗೆ ಬೇಕಾದದ್ದು. ಇದಕ್ಕೆ ಸುತ್ತಮುತ್ತಲ ಸ್ಕೂಲಿನವರು ಒಂದು ಸುಲಭದ ದಾರಿ ಕಂಡುಕೊಂಡಿದ್ದರು. ದೊಡ್ಡ ಪರೀಕ್ಷೆಗೆ ಮುಂಚೆ ಸ್ಕೂಲಿನಲ್ಲೇ ಸೆಲೆಕ್ಷನ್ ಪರೀಕ್ಷೆ ಎಂದು ನಡೆಯುತ್ತಿತ್ತು. ಎರಡು ವಿಷಯದಲ್ಲಿ ಫೇಲಾದವರನ್ನು ಆ ವರ್ಷ ದೊಡ್ಡ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಹಾಗಾಗಿ ಸೊರಗಿದ ಮಕ್ಕಳನ್ನೆಲ್ಲ ಅಲ್ಲೇ ಹಿಡಿದಿಟ್ಟುಕೊಂಡು, ಗಟ್ಟಿಕಾಳುಗಳನ್ನಷ್ಟೇ ಕಳಿಸುವುದು. ಫಲಿತಾಂಶ ನೂರಕ್ಕೆ ನೂರು. ಹಾರ ತಯಾರು.

ನಮ್ಮ ಮೇಷ್ಟ್ರು ಇದಕ್ಕೆ ಒಪ್ಪುತ್ತಿರಲಿಲ್ಲ. ಅವರ ಗೆರೆಯ ಅಂಕದಿಂದ ಸೆಲೆಕ್ಷನ್ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಯಾರೂ ಫೇಲಾಗುತ್ತಿರಲಿಲ್ಲ. "ಹತ್ತು ವರ್ಸ ನಡ್ಕಂಡ್ ಬಂದಿರೋ ಮಕ್ಳು. ಬಾಗ್ಲು ತಂಕ ಬಂದೋರ್ನ ತಳ್ಳಾಕಾಯ್ತದಾ?" ಎನ್ನುವರು. ಎಲ್ಲರೂ ಕೂರುವರು, ಕೆಲವರು ಬೀಳುವರು, ಫಲಿತಾಂಶ ಎಲ್ಲೋ ಮಧ್ಯದಲ್ಲಿ ನಿಲ್ಲುವುದು. ಪ್ರಶಸ್ತಿ ಪಕ್ಕದ ಊರಿನ ಸ್ಕೂಲಿಗೆ ಹೋಗುವುದು.

ಆಸೆಯಿಲ್ಲದ ಮನುಷ್ಯ ಎಂದು ಸುಳ್ಳು ಹೇಳಲಾರೆ. ನಾನು ಸೇರಿದ ವರ್ಷ ಪಿರಿಯಾಪಟ್ಟಣದಲ್ಲಿ ಒಂದು ಸನ್ಮಾನಕ್ಕೆ ಇಬ್ಬರೂ ಹೋಗಿದ್ದೆವು. ಹಾರ ಹಾಕಿಸಿಕೊಂಡವರು ಇವರಿಗಿಂತ ಹದಿನೈದು ವರ್ಷ ಚಿಕ್ಕವರು, ಗೈಡು ನೋಡಿ ಲೆಕ್ಕ ಮಾಡಿಸುವವರು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಬಸ್ಸಿನಲ್ಲಿ, ಇಳಿಯುವ ಮುಂಚೆ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯದ ಹಾಗೆ, "ಒಂದ್ಸಲ ಆಗಿದ್ರೆ ಚೆನ್ನಾಗಿತ್ತು ಕಣಮ್ಮ. ಇವ್ಳು ನೋಡಿ ಸಂತೋಷ ಪಡ್ತಿದ್ಲು" ಎಂದರು. ಇವಳು ಎಂದರೆ ಮನೆಯವರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಹಟಮಾರಿ. ನಿವೃತ್ತಿಗೆ ಮುಂಚೆ ಇವರಿಗೆ ಪ್ರಶಸ್ತಿ ಕೊಡಿಸದಿದ್ದರೆ ನನ್ನ ಹೆಸರು ಕರೆಯಬೇಡಿ ಎಂದು ಅವರ ಮನೆಯವರ ಎದುರು ಜಂಬ ಕೊಚ್ಚಿಕೊಂಡೆ. ಆಕೆ ನಕ್ಕು, "ನಿನ್ ಬಾಯ್ಗೆ ಸಕ್ರೆ ಹಾಕ್ತೀನಿ ಕಣವ್ವ" ಎಂದರು.

ಆ ಸಾಲಿನ ಹತ್ತನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಕಾಡಂಚಿನ ಹಾಡಿಯವಳು, ಕಾಡಿನ ಜನರ ಪುಟ್ಟ ಹಟ್ಟಿ ಅದು. ನಾಲ್ಕು ಮೈಲಿ ನಡೆದು ಬರುತ್ತಿದ್ದಳು. ಸಂಜೆಯಾದರೆ ಆನೆಯ ಭಯ, ಅದಕ್ಕೇ ಮೇಷ್ಟ್ರು ಸಂಜೆಯ ವಿಶೇಷ ತರಗತಿಯನ್ನು ಬೆಳಿಗ್ಗೆಗೆ ಮಾಡಿಕೊಂಡಿದ್ದರು. ಇಡೀ ಕ್ಲಾಸು ಅವಳೊಬ್ಬಳಿಗಾಗಿ ಏಳು ಗಂಟೆಗೆ ಬಂದು ಗೊಣಗುತ್ತಿತ್ತು. ಲೆಕ್ಕ ಅವಳಿಗೆ ಕಷ್ಟ. ಬೀಜಗಣಿತದಲ್ಲಿ ಅಕ್ಷರ ಬಂದ ಕೂಡಲೇ ಬೆದರಿ ನಿಲ್ಲುವಳು. ಆದರೆ ಸೈನ್ಸ್ ಎಂದರೆ ಬೇರೆಯೇ ಹುಡುಗಿ. ಯಾವ ಗಿಡದ ಎಲೆ ತೋರಿಸಿದರೂ ಅದರ ನರ ಯಾವ ಬಗೆ, ಬೇರು ಯಾವ ಬಗೆ ಎಂದು ನೋಡಿದವಳ ಹಾಗೆ ಹೇಳುವಳು. ನೋಡಿಯೂ ಇದ್ದಳು. ಜೇನುತುಪ್ಪ ಯಾಕೆ ಕೊಳೆಯುವುದಿಲ್ಲ ಎಂದು ಒಮ್ಮೆ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಮೈಸೂರಿನ ನನ್ನ ಪ್ರೊಫೆಸರಿಗೆ ಕಾಗದ ಬರೆದು ತಿಳಿದುಕೊಂಡು ಬಂದು ಹೇಳಿದೆ. ಹದಿನೈದು ದಿನವಾದರೂ ಮರೆಯದೆ ಕಾದಿದ್ದಳು.

ಅವಳಿಗೆ ನರ್ಸ್ ಟ್ರೈನಿಂಗಿಗೆ ಸೇರಬೇಕೆಂದಿತ್ತು. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಅವಳ ಹಾಡಿಯಲ್ಲಿ ಅಲ್ಲಿಯವರೆಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. "ಟೀಚರಮ್ಮ, ಬಿಳೀ ಸೀರೆ ಉಟ್ಕಂಡು ಮೊದ್ಲು ನಿಮ್ತಾವ್ಕೇ ಬತ್ತೀನಿ" ಎಂದಿದ್ದಳು. ಬಾರದಿದ್ದರೆ ಕಿವಿ ಹಿಂಡುತ್ತೇನೆ ಎಂದಿದ್ದೆ.

ಜನವರಿಯಲ್ಲಿ ಸೆಲೆಕ್ಷನ್ ಪರೀಕ್ಷೆ ನಡೆಯಿತು. ಅಷ್ಟರಲ್ಲಿ ಸುತ್ತೋಲೆ ಬಂದಿತ್ತು. ಹಿಂದಿನ ಎರಡು ವರ್ಷದ ಫಲಿತಾಂಶ ಪರವಾಗಿಲ್ಲ ಎನ್ನುವಂತಿತ್ತು. ಈ ಒಂದು ವರ್ಷ ಚೆನ್ನಾಗಿ ಬಂದರೆ ಮೇಷ್ಟ್ರ ಹೆಸರು ಮುಂದೆ ಹೋಗುವುದು ಖಂಡಿತ ಎಂದು ಹೆಡ್‌ಮಾಸ್ಟರು ಹೇಳಿದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ, "ಅವರಂತೂ ಯಾರನ್ನೂ ತಡೆಯೋದಿಲ್ಲ. ಬೇರೆ ವಿಷಯದವರು ಸ್ವಲ್ಪ ಬಿಗಿ ಮಾಡಿದರೆ ಆಗುತ್ತೆ ನೋಡಿ" ಎಂದರು. ಅವರು ಇಷ್ಟೇ ಹೇಳಿದ್ದು. ತಪ್ಪನ್ನು ಅವರ ಮೇಲೆ ಹೊರಿಸಲಾರೆ. ಆ ಕೆಲಸ ಮಾಡಿದ್ದು ನನ್ನ ಕೈ.

ಲೆಕ್ಕದಲ್ಲಿ ಬೀಳುವ ಹಾಗೆ ಕಂಡವರು ನಾಲ್ವರು. ಇಂಗ್ಲಿಷಿನಲ್ಲಿ ಆ ನಾಲ್ವರೂ ಆಗಲೇ ಹೋಗಿದ್ದರು. ಇನ್ನೊಂದು ವಿಷಯ ಹೋದರೆ ಅವರು ಆ ವರ್ಷ ಕೂರುವ ಹಾಗಿಲ್ಲ. ಹುಡುಗರು ಮೂವರ ಸೈನ್ಸ್ ಪೇಪರು ಹೇಗೂ ಅಷ್ಟಕ್ಕಷ್ಟೇ, ಎರಡೆರಡು ಅಂಕ ಕಿತ್ತರೆ ಸಾಕಾಯಿತು. ಉಳಿದದ್ದು ಹಾಡಿಯ ಹುಡುಗಿಯದು. ಅವಳಿಗೆ ಐವತ್ತೆಂಟು ಬಂದಿತ್ತು. ಕ್ಲಾಸಿಗೇ ಮೂರನೆಯದು.

ಮಧ್ಯಾಹ್ನ ಬೀರುವಿನ ಪಕ್ಕದ ಮೇಜಿನಲ್ಲಿ ಕೂತು ಆ ಪೇಪರನ್ನು ಮತ್ತೆ ತಿದ್ದಿದೆ. ಹುರುಳಿಕಾಳು ಮೊಳೆಯುವ ಚಿತ್ರಕ್ಕೆ ಕೊಟ್ಟಿದ್ದ ಎಂಟನ್ನು ಹೊಡೆದು ಮೂರು ಮಾಡಿದೆ. ಒಂದೊಂದು ಉತ್ತರದಲ್ಲೂ ಕೊಂಕು ಹುಡುಕಿದೆ. ಹುಡುಕಿದರೆ ಸಿಗದೆ ಇರುತ್ತದೆಯೇ? ಕಡೆಗೆ ಮೂವತ್ತೊಂದಕ್ಕೆ ಇಳಿಯಿತು. ಸತ್ಯ ಹೇಳಬೇಕೆಂದರೆ, ಒಂದು ಒಳ್ಳೆಯ ಕೆಲಸ ಮುಗಿಸಿದೆ ಎನ್ನುವ ಸಮಾಧಾನವೇ ಇತ್ತು. ಚಿಕ್ಕ ಹುಡುಗಿ, ಇನ್ನೊಂದು ವರ್ಷ ಓದಲಿ, ಇನ್ನೂ ಚೆನ್ನಾಗಿ ಪಾಸಾಗುತ್ತಾಳೆ, ಮೇಷ್ಟ್ರಿಗೆ ಇನ್ನೊಂದು ವರ್ಷ ಎಲ್ಲಿದೆ, ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಬರೆ ಎಳೆದವರಿಗೂ ಹೀಗೇ ಏನೋ ಒಂದು ನ್ಯಾಯ ಕಂಡಿರಬೇಕು.

ಪಟ್ಟಿ ಅಂಟಿಸಿದ ದಿನ ಅವಳು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಹತ್ತಿರ ಬಂದಳು. ಅಳುತ್ತಿರಲಿಲ್ಲ.

"ಟೀಚರಮ್ಮ, ನಾನು ಎಲ್ ತೆಪ್ ಬರ್ದೆ?"

ಸೆಲೆಕ್ಷನ್ ಪೇಪರು ಮಕ್ಕಳಿಗೆ ವಾಪಸ್ ಕೊಡುವ ಪದ್ಧತಿ ಇರಲಿಲ್ಲ. ಅದೇ ನನಗೆ ಅನುಕೂಲವಾಯಿತು. "ಎಲ್ಲ ಅರೆಬರೆ ಬರೆದಿದ್ದೀಯ. ಇನ್ನೊಂದು ವರ್ಷ ಗಟ್ಟಿಯಾಗಿ ಓದು" ಎಂದೆ. "ಆಯ್ತು ಟೀಚರಮ್ಮ" ಎಂದಳು. ಚೀಲ ತೆಗೆದುಕೊಂಡು ಹೊರಟಳು. ಅವಳು ಅತ್ತಿದ್ದರೆ, ಜಗಳ ಮಾಡಿದ್ದರೆ ನಾನು ಬಾಯಿಬಿಡುತ್ತಿದ್ದೆನೋ ಏನೋ. ನಾನು ಹೇಳಿದ್ದನ್ನು ಅವಳು ಹಾಗೇ ನಂಬಿದಳು.

ಮೇಷ್ಟ್ರು ಓಡೋಡಿ ಬಂದರು. "ಆ ಮಗೂಗೆ ಸೈನ್ಸ್‌ನಲ್ಲಿ ಓಯ್ತಾ? ಲೆಕ್ಕ ಅಂದ್ರೆ ನಂಬ್ತೀನಿ. ಸೈನ್ಸ್‌ನಲ್ಲಾ?"

"ಹೆದರಿಕೊಂಡುಬಿಟ್ಟಿದ್ದಾಳೆ ಸಾರ್. ಏನೂ ಬರೆದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ನೀನ್ ಯೋಳಿದ್ಮ್ಯಾಲೆ ಸರಿ ಬುಡು" ಎಂದರು. ಅಲ್ಲಿಯವರೆಗೆ ನಾನು ಅವರಿಗೆ ಒಂದು ಸುಳ್ಳೂ ಹೇಳಿರಲಿಲ್ಲ. ಆ ನಂಬಿಕೆಯನ್ನೇ ಉಪಯೋಗಿಸಿಕೊಂಡೆ.

ಆಗ ಕೊಡಗಿನಲ್ಲಿ ಕಾಫಿ ಕೊಯ್ಲಿನ ಕಾಲ. ಹಾಡಿಯಿಂದ ಲಾರಿಯಲ್ಲಿ ಜನ ಹೋಗುತ್ತಿದ್ದರು. ಸ್ಕೂಲಿನಲ್ಲಿ ಕೆಲಸವಿಲ್ಲ ಎಂದ ಮೇಲೆ ಆ ಹುಡುಗಿಯೂ ಅವ್ವನ ಜೊತೆ ಹೋದಳು. ಜೂನಿನಲ್ಲಿ ಸ್ಕೂಲು ಬಾಗಿಲು ತೆಗೆಯಿತು. ಹಿಡಿದಿಟ್ಟ ಮೂವರು ಹುಡುಗರು ಬಂದು ಮತ್ತೆ ಹತ್ತನೇ ಕ್ಲಾಸಿನಲ್ಲಿ ಕೂತರು. ಮುಂದೆ ಆ ಮೂವರೂ ಪಾಸಾದರು. ಅವಳು ಬರಲಿಲ್ಲ. ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ನಾನು ಜುಲೈ ಪೂರ್ತಿ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಖಾಲಿ ಬಿಟ್ಟೆ.

ಫಲಿತಾಂಶ ನಾನು ಎಣಿಸಿದ ಹಾಗೇ ಬಂತು. ಮೇಷ್ಟ್ರ ಅರ್ಜಿ ತುಂಬಿದವಳೂ ನಾನೇ. ಅಕ್ಷರ ಚೆನ್ನಾಗಿದೆ ಎಂದು ನನ್ನ ಕೈಗೇ ಕೊಟ್ಟಿದ್ದರು. "ನಾನ್ ಒಳ್ಳೆ ಮೇಷ್ಟ್ರು ಅಂತ ನಾನೇ ರುಜು ಹಾಕ್ಬೇಕಾ?" ಎಂದು ಮೇಷ್ಟ್ರು ನಾಚಿಕೊಂಡು ನಾಚಿಕೊಂಡು ಸಹಿ ಮಾಡಿದರು. ಪ್ರಶಸ್ತಿ ಬಂತು.

ಮೈಸೂರಿನ ಸಮಾರಂಭಕ್ಕೆ ಮನೆಯವರೂ ಬಂದರು. ಮದುವೆಯ ರೇಷ್ಮೆ ಸೀರೆಯ ಮಡಿಕೆ ಬಿಡಿಸಿ ಉಟ್ಟಿದ್ದರು. ವೇದಿಕೆಯ ಮೇಲೆ ಮೇಷ್ಟ್ರ ಕೊರಳಿಗೆ ಹಾರ ಬಿದ್ದಾಗ ಆಕೆ ನನ್ನ ಕೈ ಹಿಡಿದುಕೊಂಡು ಹೋ ಎಂದು ಅತ್ತುಬಿಟ್ಟರು. ನಾನೂ ಅತ್ತೆ. ಆ ಒಂದು ಗಳಿಗೆ ಎಲ್ಲವೂ ಸರಿಯಾಯಿತು ಎನ್ನಿಸಿತು. ಇದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದೂ ಸುಳ್ಳಾಗುತ್ತದೆ. ನಾನು ಅಷ್ಟು ಸಂತೋಷವಾಗಿ ಹಿಂದೆಂದೂ ಇರಲಿಲ್ಲ, ಆಮೇಲೂ ಇಲ್ಲ.

ಸ್ಕೂಲಿನಲ್ಲೂ ಒಂದು ಸನ್ಮಾನ ನಡೆಯಿತು. ಎಲ್ಲರೂ ಹೊಗಳಿದ ಮೇಲೆ ಮೇಷ್ಟ್ರು ಎದ್ದು ಎರಡೇ ಮಾತಾಡಿದರು. "ನಾಕ್ ಮಕ್ಳು ಈ ಸಲ ಕೂತಿರ್ನಿಲ್ಲ. ಮೂರ್ ಜನ ವಾಪಸ್ ಬಂದವ್ರೆ. ಇನ್ನೊಬ್ಳು ಬಂದಿಲ್ಲ, ಅವ್ಳ್ನ ಕರ್ಕಂಬರ್ತೀನಿ" ಎಂದರು. ಜನ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಲ್ಯಾಬೊರೇಟರಿಗೆ ಬಂದರು. "ಆ ಮಗೂದು ಸೈನ್ಸ್ ಪೇಪರು ಅದಾ? ಕೊಡು. ಎಲ್ಲೀಗಂಟ ಸರಿ ಮಾಡವ್ಳೆ ನೋಡ್ತೀನಿ. ಇಷ್ಟು ಬತ್ತದೆ, ಇನ್ನಿಷ್ಟು ಕಲ್ತ್ರೆ ಸಾಕು ಅಂತ ತೋರ್ಸಿ ಕರ್ಕಂಬರ್ಬೇಕು" ಎಂದರು. ಪೇಪರಿನ ಕಟ್ಟು ಬೀರುವಿನಲ್ಲೇ ಇತ್ತು. ಸುಟ್ಟುಹಾಕಬಹುದಿತ್ತು, ಹಾಕಿರಲಿಲ್ಲ. ಕಳೆದುಹೋಯಿತು ಎನ್ನಬಹುದಿತ್ತು. ಎರಡನೇ ಸುಳ್ಳು ಬಾಯಿಗೆ ಬರಲಿಲ್ಲ. ತೆಗೆದುಕೊಟ್ಟೆ.

ಅವರು ಕಿಟಕಿಯ ಬಳಿ ನಿಂತು ಒಂದೊಂದೇ ಹಾಳೆ ತಿರುವಿದರು. ಹೊಡೆದುಹಾಕಿದ ಅಂಕಗಳು ಕೆಂಪು ಗೀರಿನ ಕೆಳಗೆ ಕಾಣುತ್ತಲೇ ಇದ್ದವು. ಅವರ ತುಟಿ ಅಲ್ಲಾಡುತ್ತಿತ್ತು. ಕೂಡುತ್ತಿದ್ದರು. ಕಡೆಯ ಹಾಳೆ ಮುಗಿಸಿ, ನನ್ನ ಕಡೆ ನೋಡದೆ, "ಐವತ್ತೆಂಟು" ಎಂದರು.

ನಾನು ಉಳಿದ ಪೇಪರುಗಳ ಕಟ್ಟನ್ನು ಮತ್ತೆ ಬೀರುವಿನಲ್ಲಿಟ್ಟೆ.

"ಯಾಕಮ್ಮ?"

"ನಿಮಗೋಸ್ಕರ ಸಾರ್."

"ನನ್ಗೋಸ್ಕರ ಅಂತ ನನ್ ತಲೆ ಮ್ಯಾಲೆ ಹಾಕ್ಬೇಡ ಕಣಮ್ಮ" ಎಂದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ಆಮೇಲೆ ಪೇಪರನ್ನು ಮಡಿಸುತ್ತಾ, ಮೆಲ್ಲಗೆ, "ಇಲ್ಲ, ನಂದೂ ತೆಪ್ಪದೆ. ನಾನೂ ಆಸೆ ಪಟ್ಟೆ. ನನ್ ಆಸೆ ನಿನ್ನ ಕಣ್ಣಿಗೆ ಬೀಳ್ಬಾರ್ದಾಗಿತ್ತು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಭಾನುವಾರ ಇಬ್ಬರೂ ಹಾಡಿಗೆ ನಡೆದುಕೊಂಡು ಹೋದೆವು. ನಾಲ್ಕು ಮೈಲಿ ಎಷ್ಟು ದೂರ ಎಂಬುದು ನನಗೆ ಆವತ್ತು ಗೊತ್ತಾಯಿತು. ಅವಳ ಅಜ್ಜಿ ರಾಗಿ ಒಣಹಾಕುತ್ತಿದ್ದವರು ಚಾಪೆ ಹಾಸಿ ಕೂರಿಸಿದರು. "ಕಾಪಿ ಕೊಯ್ಯಾಕ್ ಓದೋಳು ಅಲ್ಲೇ ಲಗ್ನ ಆದ್ಲು ಕಣಪ್ಪ. ಇಸ್ಕೂಲ್ ಇಲ್ಲ ಅಂದ್ಮ್ಯಾಕೆ ಹೆಣ್ ಮಗ ಸುಮ್ಕೆ ಕೂತ್ಕಳಾಕಾಯ್ತದಾ? ಒಳ್ಳೆ ಹುಡ್ಗ. ತಿತಿಮತಿ ಆಚೆ ತೋಟದಲ್ಲವ್ರೆ" ಎಂದರು. ಮೊಮ್ಮಗಳ ಮೇಷ್ಟ್ರು ಅಷ್ಟು ದೂರದಿಂದ ಬಂದರಲ್ಲ ಎಂದು ಆಕೆಗೆ ಹಿಗ್ಗು. ಬಿದಿರ ಕುಡಿಕೆಯಲ್ಲಿ ಜೇನು ತಂದು ಕೊಟ್ಟರು. ನಾನು ಕುಡಿಕೆಯನ್ನು ಮೇಷ್ಟ್ರ ಕಡೆ ಸರಿಸಿದೆ.

ಮುಂದಿನ ವಾರ ಮೇಷ್ಟ್ರು ಒಬ್ಬರೇ ತಿತಿಮತಿಯ ಬಸ್ಸು ಹತ್ತಿದರು. ನನ್ನನ್ನು ಕರೆಯಲಿಲ್ಲ. ವಾಪಸ್ ಬಂದ ಮೇಲೆ ನಾನೇ ಕೇಳಿದೆ.

"ಸಿಕ್ಕಿದ್ಲು. ಬಸುರಿ. ಬರಾಕಿಲ್ಲ ಅಂದ್ಲು."

"ನಿಜ ಹೇಳಿದಿರಾ ಸಾರ್?"

"ಇಲ್ಲ. ಯೋಳಿದ್ರೆ ನಿನ್ ಕೆಲ್ಸ ಓಯ್ತದೆ. ಅವ್ಳ್ಗೆ ಆ ಪರೀಕ್ಷೆ ತಿರ್ಗಾ ಬತ್ತದಾ? ಗಂಡನ್ ಮನೇಲಿ ನೆಮ್ಮದಿಯಾಗವ್ಳೆ. ಅದನ್ಯಾಕೆ ಕೆಡುಸ್ಲಿ?"

ಪ್ರಶಸ್ತಿ ವಾಪಸ್ ಕೊಡುತ್ತೇನೆ ಎಂದು ಅವರು ಒಂದು ಕಾಗದ ಬರೆದಿದ್ದರಂತೆ. ಕಾರಣ ಕೇಳುತ್ತಾರೆ, ಕಾರಣ ಹೇಳಿದರೆ ನಾನು ಸಿಕ್ಕಿಬೀಳುತ್ತೇನೆ ಎಂದು ಹರಿದುಹಾಕಿದರು. ಇದು ನನಗೆ ಗೊತ್ತಾದದ್ದು ಅವರ ಮನೆಯವರಿಂದ. ಆಕೆಗೆ ಕಾರಣ ಏನೆಂದು ಗೊತ್ತಿರಲಿಲ್ಲ. "ಇವ್ರ್ಗೆ ತಲೆ ಕೆಟ್ಟದೆ, ಬಂದಿರೋ ಮರ್ವಾದೆ ಬ್ಯಾಡ ಅಂತವ್ರೆ" ಎಂದು ನನ್ನ ಹತ್ತಿರವೇ ದೂರಿದರು. ನಾನು ಮಜ್ಜಿಗೆ ಕಲೆಸಿಕೊಂಡು ಉಂಡೆ. ಆ ಮನೆಯ ಊಟ ನಿಲ್ಲಿಸಿದರೆ ಆಕೆ ಯಾಕೆ ಎಂದು ಕೇಳುತ್ತಾರೆ, ಅದಕ್ಕೂ ಹೆದರಿಕೆ.

ಮೇಷ್ಟ್ರು ನನ್ನ ಜೊತೆ ಮಾತು ಬಿಡಲಿಲ್ಲ. ಮೊದಲಿನಂತೆ ಸಾರಿನ ರುಚಿ, ಮಳೆ, ಮಕ್ಕಳ ವಿಷಯ ಆಡುವರು. ಯಾರಾದರೂ ಬಂದು ಪ್ರಶಸ್ತಿಯ ಮಾತೆತ್ತಿದರೆ ಮಾತ್ರ ಎದ್ದು ಹಿತ್ತಲಿಗೆ ಹೋಗಿ ದನಕ್ಕೆ ಹುಲ್ಲು ಹಾಕುವರು. ಹುಲ್ಲಿದ್ದರೂ ಹಾಕುವರು. ನಿವೃತ್ತರಾಗಿ ಭೇರ್ಯಕ್ಕೆ ಹೋದರು. ಎಪ್ಪತ್ತರ ದಶಕದ ಮೊದಲಲ್ಲಿ ತೀರಿಕೊಂಡರು. ಸ್ಕೂಲಿನ ಸಂತಾಪ ಸಭೆಯಲ್ಲಿ ಅವರ ಬಗ್ಗೆ ಓದಿದ ಮೊದಲ ಸಾಲೇ ಪ್ರಶಸ್ತಿಯದು. ಕೆರೆ ಏರಿಯ ಹಗ್ಗದ ಮಾತು ಯಾರೂ ಎತ್ತಲಿಲ್ಲ. ನನ್ನನ್ನು ಎರಡು ಮಾತಾಡಿ ಎಂದರು. ಗಂಟಲು ನೋವು ಎಂದೆ.

ಅದಾದ ನಾಲ್ಕೈದು ವರ್ಷಕ್ಕೆ ನನಗೆ ಎಚ್.ಡಿ. ಕೋಟೆಗೆ ವರ್ಗವಾಗಿತ್ತು. ಒಂದು ದಿನ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕೋಟೆಯ ಬಸ್ಸಿಗೆ ಕಾಯುತ್ತಿದ್ದೆ. ಮಟಮಟ ಮಧ್ಯಾಹ್ನ. ಯಾರೋ ಬಂದು ಬಗ್ಗಿ ಕಾಲು ಮುಟ್ಟಿದರು. ಎದ್ದು ನಿಂತಾಗ ನೋಡಿದರೆ ಅವಳು. ಮೈ ಇಳಿದಿತ್ತು, ಕೈಯೆಲ್ಲ ತೋಟದ ಕೆಲಸದಿಂದ ಒರಟಾಗಿತ್ತು. ಕಣ್ಣು ಅದೇ. ಗಂಡ ಆಚೆ ಟಿಕೆಟ್ಟಿನ ವಿಚಾರ ಕೇಳಲು ಹೋಗಿದ್ದಾನೆ, ಊರಿಗೆ ಅಜ್ಜಿಯನ್ನು ನೋಡಲು ಹೊರಟಿದ್ದೇವೆ ಎಂದಳು.

"ಮೇಷ್ಟ್ರು ಓಗ್ಬುಟ್ರಂತೆ. ಕೇಳಿ ಬಾಳ ಸಂಕ್ಟ ಆಯ್ತು. ಅವ್ರ್ಗೆ ಬಹುಮಾನ ಬಂದಿದ್ದೂ ಯೋಳಿದ್ರು. ಸಂತೋಸ ಆಯ್ತು ಟೀಚರಮ್ಮ."

ಚೆನ್ನಾಗಿದ್ದೀಯಾ ಎಂದು ಕೇಳಿದೆ.

"ಇವ್ನಿ ಕಣ್ರಮ್ಮ. ಮೇಷ್ಟ್ರು ಕರ್ಯಾಕ್ ಬಂದಿದ್ರು, ನಾನೇ ಬರ್ನಿಲ್ಲ. ಲೆಕ್ಕ ನಂಗೆ ಮೊದ್ಲಿಂದ್ಲೂ ಬರಾಕಿಲ್ಲ, ಗೊತ್ತು. ಸೈನ್ಸ್ ಒಂದು ಬತ್ತದೆ ಅನ್ಕಂಡಿದ್ದೆ. ಅದ್ರಲ್ಲೇ ಬಿದ್ಮ್ಯಾಲೆ ಇನ್ನೇನದೆ? ನಾನು ದಡ್ಡಿ ಅಂತ ತಿಳೀತು. ತಿಳಿದ್ಮ್ಯಾಕೆ ಮನ್ಸು ತಣ್ಗಾಯ್ತು. ನಿಮ್ ತೆಪ್ಪೇನೈತೆ, ನೀವು ಚೆನ್ನಾಗೇ ಪಾಠ ಮಾಡಿದ್ರಿ."

ಅವಳು ನಗುತ್ತಲೇ ಹೇಳಿದಳು. ಅದನ್ನು ಕೇಳಿಕೊಂಡು ಸುಮ್ಮನೆ ಬಸ್ಸು ಹತ್ತಲು ನನ್ನಿಂದ ಆಗಲಿಲ್ಲ. ಮೇಷ್ಟ್ರು ಯಾಕೆ ಹೇಳದೆ ಬಂದರು ಎಂಬುದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ಅವಳಿಗೆ ನ್ಯಾಯ ಮಾಡುತ್ತಿದ್ದೇನೆ ಎಂದುಕೊಂಡೆ. ಈಗ ಯೋಚಿಸಿದರೆ, ಹತ್ತು ವರ್ಷ ಹೊತ್ತ ಮೂಟೆಯನ್ನು ಇಳಿಸಲು ನನಗೊಂದು ತಲೆ ಬೇಕಿತ್ತು, ಅಷ್ಟೇ. ಐವತ್ತೆಂಟು ಬಂದಿತ್ತು, ನಾನು ಕಿತ್ತುಹಾಕಿದೆ, ಮೇಷ್ಟ್ರಿಗೆ ಬಹುಮಾನ ಬರಲಿ ಎಂದು, ಎಂದು ಹೇಳಿಬಿಟ್ಟೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ನಗು ನಿಂತಿತು.

"ಅಂಗಾರೆ ನಂಗೆ ಬತ್ತಿತ್ತಾ?"

"ಬರುತ್ತಿತ್ತು. ಇಡೀ ಕ್ಲಾಸಿಗೆ ಮೂರನೆಯವಳು ನೀನು."

ಅವಳು ಅಲ್ಲೇ ಕಂಬಕ್ಕೆ ಒರಗಿ ಕೆಳಗೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಪಟ್ಟೆ. ತಲೆಯೆತ್ತಿ ಕೇಳಿದಳು.

"ದಡ್ಡಿ ಅನ್ಕಂಡು ಎಂಗೋ ಬದುಕ್ತಿದ್ದೆ ಕಣ್ರಮ್ಮ. ಇನ್ಮ್ಯಾಕೆ ಎಂಗ್ ಬದುಕ್ಲಿ, ಯೋಳಿ?"

ಜೇನಿನ ಪ್ರಶ್ನೆಗೆ ಕಾಗದ ಬರೆದು ಕೇಳಿದ ಹಾಗೆ ಇದನ್ನು ಕೇಳಲು ಯಾವ ಪ್ರೊಫೆಸರೂ ಇರಲಿಲ್ಲ. ಗಂಡ ಬಂದು, ಬಸ್ಸು ಬಂತು ಏಳು ಎಂದ. ಅವಳು ಎದ್ದು ಗಂಟನ್ನು ತಲೆಗೇರಿಸಿ ಅವನ ಹಿಂದೆ ಹೋದಳು. ಬಂದಾಗ ಕಾಲು ಮುಟ್ಟಿದ್ದವಳು, ಹೋಗುವಾಗ ತಿರುಗಿಯೂ ನೋಡಲಿಲ್ಲ.